ಊರಿಗೆಲ್ಲ ಒಂದೇ ಕೋಟು

ನಮ್ಮ ಊರಿನ ದೊಡ್ಡ ಮನುಷ್ಯರಿಗೆಲ್ಲ ಸೇರಿ ಇದ್ದದ್ದು ಒಂದೇ ಕೋಟು. ಇದನ್ನು ಕಂಡುಹಿಡಿದವಳು ನಾನು. ಮೊದಲಿನಿಂದಲೂ ಗೊತ್ತಿದ್ದವಳು ನಮ್ಮಜ್ಜಿ. ಕಂಡುಹಿಡಿದವರಿಗೂ ಗೊತ್ತಿದ್ದವರಿಗೂ ಇರುವ ವ್ಯತ್ಯಾಸ ಇಷ್ಟೇ: ಕಂಡುಹಿಡಿದವರಿಗೆ ಸಂಬಳ ಬರುತ್ತದೆ.

ನಾನು ಊರಿನ ವಸ್ತುಸಂಗ್ರಹಾಲಯದಲ್ಲಿ ಚೀಟಿ ಬರೆಯುವವಳು. ವಸ್ತುಸಂಗ್ರಹಾಲಯ ಅಂದರೆ ಹಳೆಯ ಅಂಚೆ ಕಚೇರಿಯ ಮಹಡಿಯ ಮೇಲಿನ ಮೂರು ಕೋಣೆ. ಮೊದಲನೆಯದರಲ್ಲಿ ತಕ್ಕಡಿಗಳು, ಬೀಗಗಳು, ಬೆಂಕಿ ಆರಿಸುವ ಒಂದು ಕೈಗಾಡಿ. ಎರಡನೆಯದರಲ್ಲಿ ಫೋಟೋಗಳು. ಮೂರನೆಯದರಲ್ಲಿ ಬರೀ ಕೋಟು. ಪ್ರತಿಯೊಂದು ವಸ್ತುವಿನ ಪಕ್ಕದಲ್ಲೂ ಅಂಗೈಯಗಲದ ಚೀಟಿ: ಏನು, ಯಾರದು, ಯಾವಾಗಿನದು, ಕೊಟ್ಟವರು ಯಾರು. ನಾಲ್ಕು ಸಾಲು ಮೀರುವಂತಿಲ್ಲ. “ಐದನೇ ಸಾಲು ಬಂತು ಅಂದ್ರೆ ಅದು ಕಥೆ” ಅನ್ನುವುದು ನಮ್ಮ ಮೇಲ್ವಿಚಾರಕರ ಸಿದ್ಧಾಂತ. ಅವರಿಗೆ ಯಾರು ಏನು ಹೇಳಿದರೂ “ಸಾಕ್ಷಿ ಇದೆಯಾ?” ಎಂದು ಕೇಳುವ ಚಾಳಿ. ಹೊರಗೆ ಬಿಸಿಲು ಜಾಸ್ತಿ ಅಂದರೂ ಕಿಟಕಿಯಿಂದ ಕೈ ಚಾಚಿ ನೋಡುತ್ತಾರೆ. ಊರು ಅವರಿಗೆ ಸಾಕ್ಷಿಯಪ್ಪ ಅಂತ ಹೆಸರಿಟ್ಟು ಇಪ್ಪತ್ತು ವರ್ಷವಾಯಿತು. ಈಗ ಅವರ ಹೆಂಡತಿಯೂ ಹಾಗೇ ಕರೆಯುತ್ತಾರಂತೆ, ಇದಕ್ಕೆ ಸಾಕ್ಷಿ ಇಲ್ಲ.

ಕೋಟಿನ ಪಕ್ಕದ ಚೀಟಿ ನಾನು ಬರೆದದ್ದಲ್ಲ, ನಾನು ಹುಟ್ಟುವ ಮೊದಲೇ ಇದ್ದದ್ದು. ‘ಕೋಟು. ಸುಂಕದ ಗಲಭೆಯ ದಿನ ಬೆನ್ನಿಗೆ ಕತ್ತಿಯೇಟು ಬಿದ್ದರೂ ಎದ್ದು ನಿಂತ ಧೀರನದು. ಆತನ ರಕ್ತದಿಂದಲೇ ಕೆಂಪಾಗಿದೆ. ಕೊಟ್ಟವರು: ಅಧ್ಯಕ್ಷರ ಮನೆತನ.’

ಅಧ್ಯಕ್ಷರು ಅಂದರೆ ನಮ್ಮ ವಸ್ತುಸಂಗ್ರಹಾಲಯದ ಸಮಿತಿಯ ಅಧ್ಯಕ್ಷರು. ಕೋಲಿನಂಥ ಆಸಾಮಿ, ಅರುವತ್ತು ವರ್ಷ, ನಡೆಯುವಾಗ ಮೊದಲು ಗದ್ದ ಬರುತ್ತದೆ, ಆಮೇಲೆ ಅವರು. ಆ ಧೀರ ಅವರ ಅಜ್ಜ. ಸುಂಕದ ಗಲಭೆ ಅರುವತ್ತು ವರ್ಷದ ಹಿಂದಿನದು. ಸಂತೆಗೆ ಸುಂಕ ಹಾಕಿದರೆಂದು ಊರು ಎರಡು ಪಾಲಾಗಿ ಅರ್ಧ ದಿನ ಹೊಡೆದಾಡಿಕೊಂಡು, ಹಸಿವಾದ ಮೇಲೆ ಮನೆಗೆ ಹೋಗಿತ್ತು. ಅಜ್ಜನ ಫೋಟೋ ಎರಡನೇ ಕೋಣೆಯಲ್ಲಿದೆ. ಮೈಮೇಲೆ ಅದೇ ಕೋಟು, ಫೋಟೋದಲ್ಲಿ ಕಪ್ಪಗೆ. ಹಿಂಬದಿಯಲ್ಲಿ ಸ್ಟುಡಿಯೋದ ಮೊಹರು, ಮೊಹರಿನಲ್ಲಿ ಗಲಭೆಯ ದಿನದ್ದೇ ತಾರೀಖು. ಫೋಟೋದಲ್ಲಿ ಕಪ್ಪಾಗಿದ್ದದ್ದು ಗಾಜಿನ ಹಿಂದೆ ಕೆಂಪಾಗಿದೆ, ಕಾಲರಿನಿಂದ ಕೆಳ ಅಂಚಿನವರೆಗೆ ಬೆನ್ನು ಸೀಳಿದೆ, ತಾರೀಖೂ ಹೊಂದುತ್ತದೆ. ಒಂದು ಮನೆತನಕ್ಕೆ ಇನ್ನೇನು ಬೇಕು?

ಆ ಸೀಳನ್ನು ನಾನು ಎಷ್ಟೋ ಸಲ ಹತ್ತಿರದಿಂದ ನೋಡಿದ್ದೆ. ಗೀಟು ಎಳೆದಷ್ಟು ನೇರ. ಎರಡೂ ಬದಿಯ ಅಂಚನ್ನು ಒಳಕ್ಕೆ ಮಡಚಿ ಸಣ್ಣ ಹೊಲಿಗೆ ಹಾಕಿತ್ತು. ಕತ್ತಿ ಬೀಸಿದವನು ನಿಂತು ಅಂಚೂ ಹೊಲಿದು ಹೋಗಿದ್ದನೋ ಏನೋ.

ಕೋಟಿನ ಬಗ್ಗೆ ಬಾಯಿಬಿಡುತ್ತಿದ್ದವರು ಊರಲ್ಲಿ ಒಬ್ಬರೇ, ಬೀಗದಂಗಡಿಯವರು. ಅಧ್ಯಕ್ಷರು ಯಾರಿಗಾದರೂ ಕೋಟು ತೋರಿಸುವಾಗ ಇವರು ಹಿಂದಿನಿಂದ ಬಂದು ನಿಲ್ಲುತ್ತಿದ್ದರು. “ಏಟು ಬೆನ್ನಿಗೆ ಬಿದ್ದಿದೆಯಲ್ಲ ಯಜಮಾನ್ರೇ, ಹಾಗಾದ್ರೆ ಆ ಹೊತ್ತಿಗೆ ಮುಖ ಯಾವ ಕಡೆಗಿತ್ತು?” ಎಂದು ಬಹಳ ವಿನಯದಿಂದ ಕೇಳುತ್ತಿದ್ದರು. “ಹಿಂದಿನಿಂದ ಹೊಡೆದದ್ದು ಹೇಡಿಗಳು ರೀ!” ಎಂದು ಅಧ್ಯಕ್ಷರು ಗದ್ದ ಎತ್ತುತ್ತಿದ್ದರು. “ಅದೇ ಅದೇ, ಮುಂದಿನಿಂದ ಹೊಡೆಯೋಕೆ ನಿಮ್ಮಜ್ಜ ಸಿಗಬೇಕಲ್ಲ” ಎಂದು ಇವರು ಮೆಟ್ಟಿಲಿಳಿಯುತ್ತಿದ್ದರು.

ಆ ವರ್ಷ ನಮಗೆ ಒಂದು ಹೊಸ ಗಾಜಿನ ಪೆಟ್ಟಿಗೆ ಬಂತು. ಒಳಗಿನ ಗಾಳಿಯನ್ನೆಲ್ಲ ತೆಗೆದು ಬೇರೆ ಅನಿಲ ತುಂಬಿ ಮುಚ್ಚುವಂಥದ್ದು. ಒಮ್ಮೆ ಮುಚ್ಚಿದರೆ ಐವತ್ತು ವರ್ಷ ತೆಗೆಯುವ ಹಾಗಿಲ್ಲ. ಗುರುವಾರ ಹನ್ನೊಂದು ಗಂಟೆಗೆ ಕೋಟನ್ನು ಅದರೊಳಗಿಟ್ಟು ಮುಚ್ಚುವುದೆಂದು ಗೊತ್ತಾಯಿತು. ಅದರ ಪಕ್ಕದಲ್ಲಿ ಹಾಕಲು ಊರಿನ ಹಳೆಯ ಫೋಟೋಗಳನ್ನು ದೊಡ್ಡದು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹಾಗಾಗಿ ಸೋಮವಾರ ನಾನು ಬೇರೆ ಬೇರೆ ಮನೆಯವರು ಕೊಟ್ಟ ಫೋಟೋಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡುತ್ತ ಕೂತೆ.

ಮೊದಲ ಐದರವರೆಗೆ ಏನೂ ಅನ್ನಿಸಲಿಲ್ಲ. ಆರನೆಯದರಲ್ಲಿ, ಇವರ ಕೋಟಿನಲ್ಲೂ ಮೇಲಿಂದ ಮೂರನೇ ಗುಂಡಿ ಇಲ್ಲವಲ್ಲ ಅನ್ನಿಸಿತು. ತಿರುಗಿ ಮೊದಲಿನಿಂದ ನೋಡಿದೆ. ಬೇಕರಿಯವರ ತಾತ, ಮೂರನೇ ಗುಂಡಿ ಇಲ್ಲ. ಶಾಲೆಯ ಮೊದಲ ಮುಖ್ಯೋಪಾಧ್ಯಾಯರು, ಇಲ್ಲ. ಗಡಿಯಾರ ರಿಪೇರಿಯವನ ಮುತ್ತಾತ, ಇಲ್ಲ. ಒಟ್ಟು ಇಪ್ಪತ್ತಮೂರು ಮನೆತನ, ಇಪ್ಪತ್ತಮೂರು ಗಂಭೀರ ಮುಖ, ಇಲ್ಲದ ಗುಂಡಿ ಒಂದೇ. ಇನ್ನಷ್ಟು ದೊಡ್ಡದು ಮಾಡಿದಾಗ ಕೆಲವು ದಪ್ಪ ಮನುಷ್ಯರ ಫೋಟೋಗಳಲ್ಲಿ ಇನ್ನೊಂದು ಕಂಡಿತು. ಭುಜದ ಹತ್ತಿರ, ಕಾಲರಿನ ಪಕ್ಕ, ಹಿಂದಿನಿಂದ ಇಣುಕುವ ಎರಡು ಬೆರಳ ತುದಿ.

ಒಂದು ಪ್ರತಿ ತೆಗೆದುಕೊಂಡು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದೆ. ಸ್ಟುಡಿಯೋ ನಡೆಸುತ್ತಿದ್ದದ್ದು ನಮ್ಮ ತಾತ. ತೀರಿಕೊಂಡು ಬಹಳ ವರ್ಷವಾಗಿದೆ. ಅಜ್ಜಿ ಅಡುಗೆಮನೆಯ ಮೇಜಿನ ಮೇಲೆ ಬಟಾಣಿ ಸುಲಿಯುತ್ತ ಕೂತಿದ್ದಳು.

“ಅಜ್ಜೀ, ಇದು ಯಾರ ಬೆರಳು?”

ಅಜ್ಜಿ ಕನ್ನಡಕ ಏರಿಸಿ, ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

“ಉಗುರು ನೋಡಿದ್ರೆ ಗೊತ್ತಾಗಲ್ವೇನೇ? ನಂದು.”

“ನಿಂದಾ?”

“ಮತ್ತೆ? ಈ ಮಹಾಶಯನ ಹೊಟ್ಟೆ ನೋಡು. ಲಾಡಿ ಎಲ್ಲಿ ಎಟಕಬೇಕು? ಲಾಡಿ ಎಟಕದವರಿಗೆಲ್ಲ ನಾನೇ ಲಾಡಿ.”

ಮುಂದಿನದನ್ನು ಅವಳು ಬಟಾಣಿ ಸುಲಿಯುತ್ತಲೇ ಹೇಳಿದಳು. ಯಾವುದೋ ನಾಟಕದ ಕಂಪನಿ ಬಿಟ್ಟುಹೋಗಿದ್ದ ಪರದೆಯಲ್ಲಿ ತಾತ ಆ ಕೋಟು ಹೊಲಿಸಿದ್ದರು. ಬಣ್ಣ ಅಚ್ಚ ಕೆಂಪು. ಆದರೆ ತಾತನ ಕ್ಯಾಮೆರಾದೊಳಗೆ ಫೋಟೋ ಬೀಳುವ ಗಾಜಿಗೆ ಕೆಂಪು ಕಾಣುತ್ತಿರಲಿಲ್ಲ, ಕೆಂಪೆಲ್ಲ ಕಪ್ಪಾಗಿಯೇ ಬೀಳುತ್ತಿತ್ತು. ಊರಲ್ಲಿ ಕೋಟು ಇದ್ದವರು ಯಾರೂ ಇರಲಿಲ್ಲ, ಕೋಟಿಲ್ಲದೆ ಫೋಟೋ ತೆಗೆಸಿಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ಸಣಕಲನಿಗೂ ಡೊಳ್ಳು ಹೊಟ್ಟೆಯವನಿಗೂ ಆಗಲಿ ಎಂದು ಬೆನ್ನು ಸೀಳಿ, ಅಂಚು ಹೊಲಿದು, ನಾಲ್ಕು ಜೊತೆ ಲಾಡಿ ಇಟ್ಟಿದ್ದರು. ಗುಂಡಿಗಳು ಬರೀ ತೋರಿಕೆಗೆ, ಮುಂಭಾಗ ಸೇರಿಸಿ ಹೊಲಿದಿತ್ತು. ಗಿರಾಕಿ ಮುಂದಿನಿಂದ ತೋಳು ತೂರಿಸಬೇಕು, ಅಜ್ಜಿ ಹಿಂದಿನಿಂದ ಕಟ್ಟಬೇಕು. ಮದುವೆಯಾಗಿ ಬಂದ ಮೊದಲ ವಾರದಿಂದ ಅವಳಿಗೆ ಅದೇ ಕೆಲಸ.

“ಊರಿನ ದೊಡ್ಡೋರ ಮುಖ ನೀವೆಲ್ಲ ನೋಡಿದೀರಿ. ಬೆನ್ನು ನೋಡಿದೋಳು ನಾನೊಬ್ಬಳೇ,” ಎಂದಳು. “ಮುಖದಲ್ಲಿ ಏನು ಬೇಕಾದ್ರೂ ನಟಿಸಬಹುದು ಕಣೇ. ಬೆನ್ನು ಪಾಪ, ಅದಕ್ಕೆ ಸುಳ್ಳು ಹೇಳೋಕೆ ಬರಲ್ಲ. ಇವನಿದಾನಲ್ಲ ಮುಖ್ಯೋಪಾಧ್ಯಾಯ, ಕಾಲು ಗಡಗಡ ನಡುಗ್ತಿತ್ತು. ಕ್ಯಾಮೆರಾ ಆತ್ಮ ಎಳೆದುಕೊಳ್ಳುತ್ತೆ ಅಂತ ಯಾರೋ ಹೇಳಿದ್ರಂತೆ. ಬೇಕರಿಯೋನು ಉಸಿರು ಕಟ್ಟಿ ಕಟ್ಟಿ, ಕೊನೆಗೆ ಉಸಿರು ಬೇರೆ ಕಡೆಯಿಂದ ಹೋಯ್ತು.”

“ಅಜ್ಜೀ!”

“ಅದಕ್ಕೇ ಅವನ ಮುಖ ಅಷ್ಟು ಗಂಭೀರ. ನಂದು ನೋಡಬೇಕಿತ್ತು ನೀನು.”

ಕೋಟು ಮನೆಯಿಂದ ಹೋದದ್ದು ನಲವತ್ತು ವರ್ಷದ ಹಿಂದೆ. ವಸ್ತುಸಂಗ್ರಹಾಲಯ ತೆರೆಯುವ ದಿನ ಅಧ್ಯಕ್ಷರ ಅಪ್ಪ ಬಂದು, ಒಂದು ದಿನದ ಮಟ್ಟಿಗೆ ಕೊಡಿ, ನಮ್ಮ ತಂದೆಯ ಫೋಟೋದ ಪಕ್ಕ ನೇತುಹಾಕಿ ಸಂಜೆ ವಾಪಸ್ ಕಳಿಸ್ತೀನಿ ಎಂದಿದ್ದರು. ತಾತ ಕೊಟ್ಟರು. ಅಜ್ಜಿ ಮೂರು ಸಲ ಕೇಳಲು ಹೋದಳು. ಮೊದಲ ಸಲ ಇಸ್ತ್ರಿಗೆ ಕೊಟ್ಟಿದೆ ಎಂದರು, ಎರಡನೇ ಸಲ ಬೀಗದ ಕೈ ಇಟ್ಟುಕೊಂಡವರು ಊರಲ್ಲಿಲ್ಲ ಎಂದರು. ಮೂರನೇ ಸಲ, “ಯಾವ ಕೋಟು?” ಎಂದರು. ಕೋಟು ಕೆಳಗಿಳಿಯುವವರೆಗೆ ಆ ಮೆಟ್ಟಿಲು ಹತ್ತುವುದಿಲ್ಲ ಎಂದು ಅಜ್ಜಿ ಅವತ್ತೇ ಶಪಥ ಮಾಡಿದ್ದಳು.

“ನಾನು ಅಲ್ಲೇ ಕೆಲಸ ಮಾಡ್ತೀನಲ್ಲ, ನಂಗೆ ಯಾಕೆ ಹೇಳಲಿಲ್ಲ?”

“ನೀನು ಕೆಲಸ ಸಿಕ್ತು ಅಂತ ಕುಣೀತಾ ಬಂದೆ. ಕುಣಿಯೋಳಿಗೆ ಯಾಕೆ ಅಡ್ಡಗಾಲು ಅಂತ ಸುಮ್ಮನಾದೆ. ಇರಲಿ, ಎಲ್ಲಿಗೆ ಹೋಗುತ್ತೆ ಕೋಟು? ಇವತ್ತಲ್ಲ ನಾಳೆ ಇಸ್ಕೊಂಡ್ರಾಯ್ತು.”

ಆಗ ನಾನು ಗುರುವಾರದ ವಿಷಯ ಹೇಳಿದೆ. ಪೆಟ್ಟಿಗೆ, ಅನಿಲ, ಐವತ್ತು ವರ್ಷ. ಅಜ್ಜಿಯ ಕೈ ನಿಂತಿತು. ಒಂದು ಬಟಾಣಿ ಮೇಜಿನಿಂದ ಉರುಳಿ ಕೆಳಗೆ ಬಿತ್ತು, ಅದನ್ನೂ ನೋಡಲಿಲ್ಲ.

“ಐವತ್ತು ವರ್ಷ ಅಂದ್ರೆ ಆಗ ನಂಗೆಷ್ಟು?”

“ನೂರಾ ಮೂವತ್ತೆರಡು.”

“ಆಗ ಕೇಳೋಕೆ ಹೋದ್ರೆ ಪಾಪ ವಯಸ್ಸಾದೋರು ಅಂತ ನೀರು ಕೊಟ್ಟು ವಾಪಸ್ ಕಳಿಸ್ತಾರೆ. ನಾಳೆನೇ ಹೋಗೋಣ. ನನ್ನ ಕೋಟು ನಂಗೆ ಬೇಕು. ಮುಚ್ಚೋದಕ್ಕೆ ಮುಂಚೆ ಬೇಕು.”

“ಅದನ್ನಿಟ್ಕೊಂಡು ಏನ್ಮಾಡ್ತೀಯಾ?”

“ಏನಾದ್ರೂ ಮಾಡ್ತೀನಿ. ಎರವಲು ತಗೊಂಡೋನು ಕೊಡಬೇಕು, ಕೊಟ್ಟೋಳು ಇಸ್ಕೋಬೇಕು. ಇಷ್ಟು ಅರ್ಥ ಆಗದೆ ಇರೋ ಊರಿಗೆ ಎಂಥ ಚರಿತ್ರೆನೇ ಅದು?”

ಮಂಗಳವಾರ ಅಜ್ಜಿ ನಲವತ್ತು ವರ್ಷದ ಶಪಥ ಮುರಿದು ಮೆಟ್ಟಿಲು ಹತ್ತಿದಳು. ಸಾಕ್ಷಿಯಪ್ಪನವರು ಎದ್ದು ನಿಂತು ಕುರ್ಚಿ ಕೊಟ್ಟರು, ಪೂರ್ತಿ ಕೇಳಿದರು, ಮುಖ ಬಾಡಿಸಿಕೊಂಡರು, ಆಮೇಲೆ ಕೇಳಬೇಕಾದ್ದನ್ನು ಕೇಳಿದರು.

“ಸಾಕ್ಷಿ ಇದೆಯಾ ಅಮ್ಮಾ?”

“ಅಗೋ, ಗಾಜಿನ ಹಿಂದೆ ನೇತಾಡ್ತಿದೆಯಲ್ಲ.”

“ಅದು ವಸ್ತು. ನಾನು ಕೇಳಿದ್ದು ಸಾಕ್ಷಿ. ಕಾಗದ, ಪತ್ರ, ಏನಾದ್ರೂ...”

“ನಿಮ್ಮ ತಾಯಿ ನಿಮ್ಮ ತಾಯಿನೇ ಅನ್ನೋಕೆ ಕಾಗದ ಇಟ್ಕೊಂಡಿದೀರಾ?”

“ಇದೆಯಲ್ಲ,” ಎಂದು ಸಾಕ್ಷಿಯಪ್ಪನವರು ಕಪಾಟಿನ ಕಡೆ ತಿರುಗಿದರು. ಅವರ ಜೊತೆ ವಾದ ಮಾಡಿ ಗೆದ್ದವರಿಲ್ಲ.

ಆಗಲೇ ನನಗೊಂದು ಉಪಾಯ ಹೊಳೆದದ್ದು. ಇಪ್ಪತ್ತಮೂರು ಮನೆಯವರನ್ನೂ ಕರೆಸಿ ಇಪ್ಪತ್ತಮೂರು ಫೋಟೋಗಳನ್ನು ಒಂದೇ ಮೇಜಿನ ಮೇಲೆ ಸಾಲಾಗಿ ಇಟ್ಟರೆ ಸಾಕು. ಗುಂಡಿ ನೋಡುತ್ತಾರೆ, ಬೆರಳು ನೋಡುತ್ತಾರೆ, ‘ಅಯ್ಯೋ, ಇದು ಸ್ಟುಡಿಯೋದವರ ಕೋಟು!’ ಎಂದು ಒಕ್ಕೊರಲಿನಿಂದ ಹೇಳುತ್ತಾರೆ. ಸಾಕ್ಷಿಯಪ್ಪನವರಿಗೂ ಇದು ಹಿಡಿಸಿತು. ಇಪ್ಪತ್ತಮೂರು ಸಾಕ್ಷಿ ಒಟ್ಟಿಗೆ ಬರುತ್ತದೆಂದರೆ ಅವರು ಯಾವುದಕ್ಕೂ ಒಪ್ಪುವವರು. ನಾನು ಸಂಜೆಯವರೆಗೆ ಕೂತು ಎಲ್ಲರಿಗೂ ಫೋನ್ ಮಾಡಿದೆ.

ಅಜ್ಜಿಗೆ ಹೇಳಿದಾಗ ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಜಾಸ್ತಿ ಓದಿಸಿಬಿಟ್ವಿ ನಿನ್ನ,” ಎಂದಳು.

ಬುಧವಾರ ಹನ್ನೊಂದಕ್ಕೆ ಅಧ್ಯಕ್ಷರೊಬ್ಬರನ್ನು ಬಿಟ್ಟು ಎಲ್ಲರೂ ಬಂದರು. ಕೆಲವು ಮನೆಯಿಂದ ಇಬ್ಬರು, ಮೂವರು. ಮೇಜಿನ ಸುತ್ತ ನಿಂತು ಬಗ್ಗಿ ನೋಡಿದರು. ನಾನು ಗುಂಡಿ ತೋರಿಸಿದೆ, ಬೆರಳು ತೋರಿಸಿದೆ. ಎಲ್ಲರೂ ಗಾಜಿನ ಹಿಂದಿನ ಕೋಟಿನ ಕಡೆ ತಿರುಗಿದರು. ಅದರಲ್ಲೂ ಮೂರನೇ ಗುಂಡಿ ಇರಲಿಲ್ಲ. ನನಗೆ ಒಳಗೊಳಗೇ ಹೆಮ್ಮೆ.

ಮೊದಲು ಬಾಯಿಬಿಟ್ಟವರು ಬೀಗದಂಗಡಿಯವರು. ಕೋಟನ್ನು ಅಷ್ಟು ವರ್ಷ ಗೇಲಿ ಮಾಡಿದವರು ತಮ್ಮ ಅಜ್ಜನ ಫೋಟೋವನ್ನು ಎರಡೂ ಕೈಯಲ್ಲಿ ಎತ್ತಿಕೊಂಡಿದ್ದರು. ಕಣ್ಣು ತುಂಬಿ ಬಂದಿತ್ತು.

“ಹಾಗಾದ್ರೆ,” ಎಂದರು, “ಆ ಕೋಟು ನಮ್ಮಜ್ಜಂದು.”

“ನಿಮ್ಮಜ್ಜಂದು ಹೇಗಾಗುತ್ತೆ?” ಎಂದಳು ಬೇಕರಿಯಾಕೆ. “ನಮ್ಮ ತಾತನ ಫೋಟೋ ನಿಮಗಿಂತ ಎರಡು ವರ್ಷ ಹಳೇದು. ನಮ್ಮ ತಾತನದ್ದು ದಾನದ ಕೈ. ಯಾರು ಕೇಳಿದ್ರೂ ಕೊಟ್ಟುಬಿಡ್ತಿದ್ರು. ನಿಮ್ಮಜ್ಜನಿಗೂ ಹಾಗೇ ಕೊಟ್ಟಿರ್ತಾರೆ.”

“ನಮ್ಮೋರು ಕೈ ಚಾಚಿದೋರಲ್ಲ ಕಣಮ್ಮ.”

“ಕೋಟು ಹಾಕ್ಕೋಬೇಕಾದ್ರೆ ಕೈ ಚಾಚಲೇಬೇಕಲ್ಲ.”

ಐದು ನಿಮಿಷದಲ್ಲಿ ಕೋಣೆ ಸಂತೆಯಾಯಿತು. ಒಂದು ಕೋಟಿಗೆ ಒಬ್ಬರೇ ವಾರಸುದಾರರಿದ್ದದ್ದು ನನ್ನ ದಯೆಯಿಂದ ಇಪ್ಪತ್ತಮೂರಾದರು. ಮುಖ್ಯೋಪಾಧ್ಯಾಯರ ಮೊಮ್ಮಗ ಆ ಬೆರಳುಗಳ ಮೇಲೆ ಕೈಯಿಟ್ಟು ಗದ್ಗದನಾದ. “ನಮ್ಮಜ್ಜನ ಬೆನ್ನ ಹಿಂದೆ ಯಾವುದೋ ಒಂದು ಶಕ್ತಿ ಇತ್ತು ಅಂತ ನಮ್ಮಮ್ಮ ಯಾವಾಗ್ಲೂ ಹೇಳ್ತಿದ್ರು. ಇವತ್ತು ಕಣ್ಣಾರೆ ನೋಡಿದೆ.”

“ಆ ಶಕ್ತಿ ನಾನೇ ಕಣಪ್ಪ,” ಎಂದಳು ಅಜ್ಜಿ ಮೂಲೆಯ ಕುರ್ಚಿಯಿಂದ. ಯಾರೂ ತಿರುಗಿ ನೋಡಲಿಲ್ಲ.

ನನ್ನ ಪರಿಸ್ಥಿತಿ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗಾಯಿತು. ಸಾಕ್ಷಿಯಪ್ಪನವರು ನನ್ನ ಕಿವಿಯ ಹತ್ತಿರ ಬಂದು, “ಇದರಲ್ಲಿ ಯಾವ ಸಾಕ್ಷಿ ತಗೊಳ್ಳೋದು?” ಎಂದು ಪಿಸುಗುಟ್ಟಿದರು. ಅವರ ಜೀವಮಾನದಲ್ಲಿ ಸಾಕ್ಷಿ ಹೆಚ್ಚಾಗಿ ತೊಂದರೆಯಾದದ್ದು ಅದೇ ಮೊದಲು.

ಗಲಾಟೆಯ ಸುದ್ದಿ ತಿಳಿದು ಅಧ್ಯಕ್ಷರು ಬಂದರು. ಗದ್ದ ಮೊದಲು ಬಾಗಿಲು ದಾಟಿತು. “ಏನ್ರೀ ಇದು? ಎಲ್ಲರಿಗೂ ಒಂದೇ ಥರದ ಕೋಟು ಇದ್ದಿರಬಹುದು. ಆದ್ರೆ ಸೀಳಿರೋದು ಒಂದೇ. ಅದು ನಮ್ಮಜ್ಜಂದು.”

“ಹಾಗಿದ್ರೆ ಹಾಕ್ಕೊಂಡು ತೋರಿಸಿ,” ಎಂದರು ಬೀಗದಂಗಡಿಯವರು. “ಸಣಕಲು ಅಜ್ಜ, ಸಣಕಲು ಮೊಮ್ಮಗ. ಅವರದ್ದೇ ಆದ್ರೆ ನಿಮಗೆ ಅಳತೆ ಸರಿಯಾಗಬೇಕು.”

“ತೋರಿಸಿ, ತೋರಿಸಿ,” ಎಂದರು ಇಪ್ಪತ್ತೆರಡು ಮನೆಯವರು. ಅವರೆಲ್ಲ ಅವತ್ತು ಒಪ್ಪಿದ್ದು ಇದೊಂದೇ ಮಾತಿಗೆ.

“ನೋಂದಾಯಿತ ವಸ್ತು! ಹಾಕ್ಕೊಳ್ಳೋ ಹಾಗಿಲ್ಲ!” ಎಂದು ಸಾಕ್ಷಿಯಪ್ಪನವರು ಅಡ್ಡ ನಿಂತರು. ಅಧ್ಯಕ್ಷರು ಅವರನ್ನು ಒಂದು ಬದಿಗೆ ಸರಿಸಿ ಬೀಗ ತೆಗೆಸಿದರು. ಕೋಟನ್ನು ಎಲ್ಲರೂ ಹಾಕಿಕೊಳ್ಳುವ ಹಾಗೆ ಹಿಂದಿನಿಂದ ತೊಡಲು ನೋಡಿದರು. ಒಂದು ತೋಳು ಹೋಯಿತು. ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಸೀಳಿದ ಬೆನ್ನು ಎರಡು ಹೋಳಾಗಿ ಒಂದು ಆಚೆ ಒಂದು ಈಚೆ ಜೋತುಬಿತ್ತು. ಮತ್ತೆ ಪ್ರಯತ್ನಿಸಿದರು, ಮತ್ತೆ ಜಾರಿತು. ಯಾರೋ ಕಿಸಕ್ಕೆಂದರು.

ಆಗ ಅಜ್ಜಿ ಎದ್ದಳು. ಅವಳ ಮಂಡಿಯಿಂದ ಲಟಕ್ ಎಂದು ಸದ್ದು ಬಂತು.

“ಹಾಗಲ್ಲ. ಮುಂದಿನಿಂದ. ಕೈ ಚಾಚಿ.”

ಅದು ಕೇಳಿದವರು ವಿಧೇಯರಾಗುವಂಥ ಧ್ವನಿ. ಅಧ್ಯಕ್ಷರು ಕೈ ಚಾಚಿದರು. ಅಜ್ಜಿ ತೋಳು ತೂರಿಸಿ ಅವರ ಹಿಂದೆ ಹೋದಳು. ಅಂಚಿನ ಮಡಿಕೆಯೊಳಗೆ ಯಾವ ಕಾಲದಲ್ಲೋ ಯಾರೋ ತುರುಕಿ ಮುಚ್ಚಿದ್ದ ಲಾಡಿಗಳನ್ನು ಬೆರಳಿನಿಂದ ಒಂದೊಂದಾಗಿ ಹೊರಗೆಳೆದಳು. ಅವು ಅಲ್ಲಿವೆ ಎಂಬುದು ನಮ್ಮ ಯಾವ ಪಟ್ಟಿಯಲ್ಲೂ ಇರಲಿಲ್ಲ. ಕಟ್ಟಿದಳು. ಒಂದು, ಎರಡು, ಮೂರು, ನಾಲ್ಕು. ಕೋಟು ಮೈಗೆ ಬಿಗಿಯಾಗಿ ಕೂತಿತು, ಭುಜ ನೆಟ್ಟಗಾಯಿತು. ಮೇಜಿನ ಮೇಲಿನ ಫೋಟೋದ ಅಜ್ಜನೇ ಎದ್ದು ಬಂದು ನಿಂತ ಹಾಗಿತ್ತು.

“ನೋಡಿದ್ರಾ?” ಎಂದರು ಅಧ್ಯಕ್ಷರು, ನಿಜವಾಗಿಯೂ ಸಂತೋಷದಿಂದ. “ಅಳತೆ ಮಾಡಿಸಿದ ಹಾಗಿದೆ!”

“ಈ ಊರಲ್ಲಿ ಯಾರಿಗೆ ಹಾಕಿದ್ರೂ ಹಾಗೇ ಇರುತ್ತೆ,” ಎಂದಳು ಅಜ್ಜಿ. “ಇಪ್ಪತ್ತಮೂರು ಜನಕ್ಕೂ ಹೀಗೇ ಕಟ್ಟಿದೀನಿ, ಇಲ್ಲಾ ಹಿಡಿದಿದೀನಿ. ಈಗ ಹೇಳಿ, ಲಾಡಿ ಇರೋ ಕತ್ತಿಯೇಟು ಎಲ್ಲಾದ್ರೂ ಕೇಳಿದೀರಾ?”

ಬೀಗದಂಗಡಿಯವರು ಮೊದಲು ನಕ್ಕರು. ಆಮೇಲೆ ತಮ್ಮ ಅಜ್ಜನ ನೆನಪಾಗಿ ನಿಲ್ಲಿಸಿದರು.

“ಏನೋ ವಯಸ್ಸಾದೋರು, ಹೇಳ್ತಾರೆ,” ಎಂದು ಅಧ್ಯಕ್ಷರು ಕೋಟು ಬಿಚ್ಚಲು ಬೆನ್ನಿಗೆ ಕೈ ಕೊಟ್ಟರು. ಕೈ ಎಟಕಲಿಲ್ಲ. ಕೆಳಗಿನಿಂದ ಕೊಟ್ಟರು, ಆಗಲೂ ಎಟಕಲಿಲ್ಲ. ಬೇಕರಿಯಾಕೆ ಸಹಾಯಕ್ಕೆ ಹೋಗಿ ಗಂಟು ನೋಡಿ, “ಇದೆಂಥ ಗಂಟಪ್ಪಾ!” ಎಂದಳು. ಬೀಗದಂಗಡಿಯವರು, ಊರಿನ ಎಲ್ಲ ಬೀಗವನ್ನೂ ತೆಗೆದವರು, ಎರಡು ನಿಮಿಷ ನೋಡಿ ಕೈ ಚೆಲ್ಲಿದರು. ಫೋಟೋದ ನಡುವೆ ಸಡಿಲವಾಗಬಾರದೆಂದು ಅಜ್ಜಿ ಅರುವತ್ತು ವರ್ಷದ ಹಿಂದೆ ಕಂಡುಕೊಂಡಿದ್ದ ಗಂಟು ಅದು. ಎಳೆದಷ್ಟೂ ಬಿಗಿಯಾಗುತ್ತದೆ.

“ಕತ್ತರಿ ತನ್ನಿ,” ಎಂದರು ಅಧ್ಯಕ್ಷರು.

“ಮುಟ್ಟಬೇಡಿ!” ಸಾಕ್ಷಿಯಪ್ಪನವರು ಎರಡೂ ಕೈ ಅಗಲಿಸಿ ನಿಂತರು. ಅಷ್ಟು ಜೋರಾಗಿ ಅವರು ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ. “ನೋಂದಣಿ ಸಂಖ್ಯೆ ಒಂದು! ಅದಕ್ಕೆ ಕತ್ತರಿ ಹಾಕಿದ್ರೆ ಮೊದಲು ನನಗೆ ಹಾಕಿ!”

ಅಧ್ಯಕ್ಷರು ಕೋಟಿನೊಳಗೆ ಬೆವರತೊಡಗಿದರು. ಹೊರಗೆ ಬಿಸಿಲು, ಒಳಗೆ ನಾಟಕದ ಪರದೆ. ಅಜ್ಜಿ ಅವರ ಹಿಂದೆಯೇ ನಿಂತಿದ್ದಳು, ಮೇಲಿನ ಗಂಟಿನ ಮೇಲೆ ಎರಡು ಬೆರಳಿಟ್ಟುಕೊಂಡು. ನಾನು ಅವಳ ಪಕ್ಕದಲ್ಲೇ ಇದ್ದೆ. ಹಾಗಾಗಿ ಅವಳು ಅವರ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

“ಗಲಭೆ ದಿನ ನಿಮ್ಮಜ್ಜ ಎಲ್ಲಿದ್ರು ಗೊತ್ತೇನಪ್ಪಾ? ಬೆಳಿಗ್ಗೆ ಮೊದಲ ಕಲ್ಲು ಬಿದ್ದ ಕೂಡಲೇ ನಮ್ಮ ಸ್ಟುಡಿಯೋಗೆ ನುಗ್ಗಿ ಫೋಟೋ ತೊಳೆಯೋ ಕತ್ತಲೆ ಕೋಣೆ ಸೇರಿಕೊಂಡ್ರು. ಮುಗೀತಾ, ಮುಗೀತಾ ಅಂತ ನಾಲ್ಕು ಸಲ ಬಾಗಿಲು ತೆಗೆದು ನಮ್ಮ ಯಜಮಾನರ ಒಂದು ಡಜನ್ ಗಾಜಿನ ಫೋಟೋ ಹಾಳು ಮಾಡಿದ್ರು. ಸಂಜೆ ಎಲ್ಲ ತಣ್ಣಗಾದ ಮೇಲೆ ನಾಚಿಕೆಗೆ ಒಂದು ಫೋಟೋ ತೆಗೆಸಿಕೊಂಡು ಹೋದ್ರು. ಅದೇ ನಿಮ್ಮ ತಾರೀಖು.”

ಅಧ್ಯಕ್ಷರ ಗದ್ದ ನಿಧಾನವಾಗಿ ಇಳಿಯಿತು.

“ಯಾರಿಗೂ ಹೇಳಿಲ್ಲ,” ಎಂದಳು ಅಜ್ಜಿ ಇನ್ನೂ ಮೆಲ್ಲಗೆ. “ಹೆದರೋದು ತಪ್ಪಲ್ಲ. ನಾನೂ ಅವತ್ತು ಮಂಚದ ಕೆಳಗಿದ್ದೆ. ನಂಗೆ ಬೇಕಾಗಿರೋದು ನನ್ನ ಕೋಟು. ಯಾರದ್ದು ಅಂತ ನೀವೇ ಹೇಳಿ, ಬಿಚ್ತೀನಿ.”

ಕೋಣೆಯಲ್ಲಿ ನಲವತ್ತು ಜನ ಕಾಯುತ್ತಿದ್ದರು. ಅಧ್ಯಕ್ಷರು ಒಮ್ಮೆ ಮೇಜಿನ ಮೇಲಿನ ಅಜ್ಜನನ್ನು ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

“ಈ ಕೋಟು... ಸ್ಟುಡಿಯೋದ ಅಮ್ಮಂದು. ನಮ್ಮ ತಂದೆ ಒಂದು ದಿನಕ್ಕೆ ಅಂತ ತಂದಿದ್ದು. ನನಗೆ ಗೊತ್ತಿತ್ತು,” ಎಂದರು. ಆ ಕೊನೆಯ ಮಾತನ್ನು ಅವರು ಹೇಳಬೇಕಾಗಿರಲಿಲ್ಲ. ಹೇಳಿದ್ದರಿಂದ ನನಗೆ ಅವರ ಮೇಲೆ ಸ್ವಲ್ಪ ಪ್ರೀತಿ ಬಂತು.

ಅಜ್ಜಿ ನಾಲ್ಕು ಗಂಟನ್ನೂ ನಾಲ್ಕು ಚಿಟಿಕೆಯಲ್ಲಿ ಬಿಚ್ಚಿದಳು. ಕೋಟು ಅವಳ ತೋಳಿಗೆ ಬಂತು. ಅದನ್ನು ಮಡಚಿ ಹಿಡಿದು ಮೆಟ್ಟಿಲ ಕಡೆ ನಡೆದಳು. ಇಪ್ಪತ್ತೆರಡು ಮನೆಯವರು ದಾರಿ ಬಿಟ್ಟರು. ಮುಖ್ಯೋಪಾಧ್ಯಾಯರ ಮೊಮ್ಮಗ ಅವಳ ಬೆರಳುಗಳನ್ನೇ ನೋಡುತ್ತಿದ್ದ.

ಮನೆಗೆ ಬಂದು ಅವಳು ಮಾಡಿದ ಮೊದಲ ಕೆಲಸ ಸಾಕ್ಷಿಯಪ್ಪನವರಿಗೆ ಹೇಳುವಂಥದ್ದಲ್ಲ. ಬಚ್ಚಲಿನಲ್ಲಿ ಬಕೆಟ್ ಇಟ್ಟು, ನೀರು ಬಿಟ್ಟು, ನೋಂದಣಿ ಸಂಖ್ಯೆ ಒಂದನ್ನು ಅದರಲ್ಲಿ ಅದ್ದಿದಳು.

“ಅಜ್ಜೀ! ಅದನ್ನ ನಾವು ಕೈಗವಸು ಹಾಕ್ಕೊಂಡು ಮುಟ್ತಿದ್ವಿ!”

“ಮುಟ್ಟೋಕೆ ಅಸಹ್ಯ ಆಗ್ತಿತ್ತು ಅಂತ ಕಾಣುತ್ತೆ. ಎಷ್ಟು ಜನರ ಬೆವರಿದೆ ಗೊತ್ತಾ ಇದರಲ್ಲಿ? ನಲವತ್ತು ವರ್ಷದಿಂದ ಒಗೆದಿಲ್ಲ. ನಾಲ್ಕು ತಿಂಗಳಿಗೊಮ್ಮೆ ಒಗೀತಿದ್ದೆ ನಾನು. ಆಗ್ಲೂ ಹೀಗೇ ಬಣ್ಣ ಬಿಡ್ತಿತ್ತು ದರಿದ್ರ ಪರದೆ.”

ನೀರು ಮೊದಲು ಕಂದಾಯಿತು, ಆಮೇಲೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಅಜ್ಜಿ ಕೋಟು ಎತ್ತಿ ಹಿಂಡಿದಳು. ಬಕೆಟ್ ಬಗ್ಗಿಸಲು ಹೋದಾಗ ನನಗೆ ಏನನ್ನಿಸಿತೋ, ಓಡಿ ಹೋಗಿ ಒಂದು ಖಾಲಿ ಜಾಮ್ ಬಾಟಲಿ ತಂದು ತುಂಬಿಸಿಕೊಂಡೆ. ಚೀಟಿ ಬರೆಯುವವಳ ಕೈ ಅದು, ಬಿಸಾಡುವುದನ್ನು ಕಂಡರೆ ತಡೆಯುತ್ತದೆ.

ಗುರುವಾರ ಬೆಳಿಗ್ಗೆ ಏಳಕ್ಕೆ ಸಾಕ್ಷಿಯಪ್ಪನವರು ಬಾಗಿಲಲ್ಲಿದ್ದರು. ಮುಖ ನೋಡಿದರೆ ನಿದ್ದೆ ಮಾಡಿದ ಹಾಗಿರಲಿಲ್ಲ.

“ಅಮ್ಮಾ, ಪೆಟ್ಟಿಗೆ ಖಾಲಿ ಇದೆ. ಅನಿಲದವರು ಬಂದು ಕೂತಿದಾರೆ. ಇಪ್ಪತ್ತಮೂರು ಮನೆಯವರೂ ಬರ್ತೀವಿ ಅಂದಿದಾರೆ. ಒಂದು ದಿನದ ಮಟ್ಟಿಗೆ ಕೊಟ್ರೆ...”

ತಾವು ಏನು ಹೇಳಿದೆವೆಂದು ಅವರಿಗೇ ಹೊಳೆದು ನಾಲಿಗೆ ಕಚ್ಚಿಕೊಂಡರು. ಅಜ್ಜಿ ಹಿತ್ತಲಿನ ಕಡೆ ಕೈ ತೋರಿಸಿದಳು. ತಂತಿಯ ಮೇಲೆ, ಎರಡು ದಿಂಬಿನ ಚೀಲದ ನಡುವೆ, ಕೋಟು ತೊಟ್ಟಿಕ್ಕುತ್ತಿತ್ತು. ಸಾಕ್ಷಿಯಪ್ಪನವರು ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು.

ನಾನು ಬಾಟಲಿ ತಂದು ಅವರ ಕೈಗಿಟ್ಟೆ. ಏನೆಂದು ಹೇಳಿದೆ. ಅವರು ಅದನ್ನು ಬೆಳಕಿಗೆ ಹಿಡಿದು ಅಲುಗಾಡಿಸಿ ನೋಡಿದರು.

“ಇದರಲ್ಲಿ ಎಲ್ಲರೂ ಇದಾರೆ ಅನ್ನೋದಕ್ಕೆ ಸಾಕ್ಷಿ ಇದೆಯಾ?”

“ಇಪ್ಪತ್ತಮೂರು ಫೋಟೋ.”

ಅವರು ಎದ್ದು ನಿಂತರು. ನಾನು ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ನನ್ನ ಬೆನ್ನು ತಟ್ಟಿದರು.

ಹನ್ನೊಂದಕ್ಕೆ ಬಾಟಲಿಯನ್ನು ಪೆಟ್ಟಿಗೆಯ ನಡುವೆ ಇಟ್ಟು, ಗಾಳಿ ತೆಗೆದು, ಅನಿಲ ತುಂಬಿ ಮುಚ್ಚಲಾಯಿತು. ಚೀಟಿ ನಾನೇ ಬರೆದೆ, ನಾಲ್ಕೇ ಸಾಲು: ‘ಊರಿನ ಹಿರಿಯರು. ಇಪ್ಪತ್ತಮೂರು ಮನೆತನದವರು, ಬೆರೆತಿದ್ದಾರೆ. ಅರುವತ್ತು ವರ್ಷದಿಂದೀಚಿನವರು. ಕೊಟ್ಟವರು: ಸ್ಟುಡಿಯೋದ ಅಮ್ಮ.’ ಜಗಳವಾಗುತ್ತದೆಂದು ನಾನು ಹೆದರಿದ್ದೆ. ಆಗಲಿಲ್ಲ. ಕೋಟು ಒಂದೇ ಇದ್ದಾಗ ಕಿತ್ತಾಡಿದವರು ಬಾಟಲಿಯ ಮುಂದೆ ತಲೆ ಬಾಗಿಸಿ ನಿಂತರು. ಅದರಲ್ಲಿ ಪ್ರತಿಯೊಬ್ಬರ ಪಾಲೂ ಇತ್ತು, ಬೇರೆ ಮಾಡಲು ಯಾರಿಂದಲೂ ಆಗುತ್ತಿರಲಿಲ್ಲ. ಬೇಕರಿಯಾಕೆ ಕಣ್ಣೊರೆಸಿಕೊಂಡಳು.

ಅಧ್ಯಕ್ಷರೂ ಬಂದರು. ಗದ್ದ ಸ್ವಲ್ಪ ಹಿಂದಿತ್ತು. ಬಾಟಲಿಯನ್ನು ಬಗ್ಗಿ ನೋಡುತ್ತ ನೋಡುತ್ತ ಅದು ಒಂದೊಂದೇ ಅಂಗುಲ ಮುಂದೆ ಬಂತು. “ಕೆಂಪಗಿದೆ ನೋಡಿ,” ಎಂದರು ಪಕ್ಕದವರಿಗೆ. “ಬರೀ ಬೆವರಾದ್ರೆ ಇಷ್ಟು ಕೆಂಪು ಬರುತ್ತಾ?”

“ಮೇಲೆ ತಿಳಿಯಾಗಿರೋದು ನಮ್ಮಜ್ಜ,” ಎಂದರು ಬೀಗದಂಗಡಿಯವರು. “ತಳದಲ್ಲಿ ಗಸಿ ಕೂತಿದೆಯಲ್ಲ, ಅದು ನಿಮ್ಮೋರು.”

“ತೂಕದ ಮನುಷ್ಯರು ತಳದಲ್ಲೇ ಕೂರೋದು ಕಣ್ರೀ.”

ಅಜ್ಜಿ ಸ್ವಲ್ಪ ತಡವಾಗಿ ಬಂದಳು. ಜನ ದಾರಿ ಬಿಟ್ಟರು, ಯಾರೋ ಕುರ್ಚಿ ತಂದರು. ಅವಳು ಕೂರಲಿಲ್ಲ. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಬಾಟಲಿ ನೋಡಿದಳು, ಚೀಟಿ ಓದಿದಳು, ನನ್ನ ಕಡೆ ತಿರುಗಿದಳು. ಈ ಸಲ ಅವಳು ಮೆಲ್ಲಗೆ ಮಾತಾಡುವ ಗೋಜಿಗೆ ಹೋಗಲಿಲ್ಲ, ಇಡೀ ಕೋಣೆಗೆ ಕೇಳಿತು.

“ಇಷ್ಟೇ ಇಟ್ಕೊಂಡ್ರಾ? ಮಿಕ್ಕಿದ್ದು ಮುಕ್ಕಾಲು ಬಕೆಟ್ ಚರಂಡಿಗೆ ಚೆಲ್ಲಿದ್ನಲ್ಲೇ.”

ಇಪ್ಪತ್ತಮೂರು ಮನೆತನ ನಮ್ಮಿಬ್ಬರ ಕಡೆ ತಿರುಗಿತು. ಅಧ್ಯಕ್ಷರು ನನ್ನ ಕೈಯಿಂದ ಖಾಲಿ ಚೀಟಿಯೊಂದನ್ನು ಎಳೆದುಕೊಂಡು ಜೇಬಿನಿಂದ ಪೆನ್ನು ತೆಗೆದರು.

“ಯಾವ ಚರಂಡಿಗೆ?” ಎಂದು ಕೇಳಿದರು.